ಟೈಲ್ಸ್, ಗ್ರಾನೈಟ್‌ಗೆ ಡೈಮಂಡ್ ಬಿಟ್: ತೂತು ಕೆಡುವುದೆಲ್ಲಿ, ಸರಿಪಡಿಸುವುದು ಹೇಗೆ

ನಾವು ‘ತೂತು ಹೊಡೆಯುವುದು’ ಅನ್ನುತ್ತೇವೆ. ಇಟ್ಟಿಗೆ ಗೋಡೆಗೆ, ಕಾಂಕ್ರೀಟಿಗೆ ಆ ಮಾತು ಸರಿ. ಅಲ್ಲಿ ಹ್ಯಾಮರ್ ಡ್ರಿಲ್ ನಿಜಕ್ಕೂ ಹೊಡೆದು ಪುಡಿ ಮಾಡುತ್ತದೆ. ಬಾಯಿಯ ಅಂಚಿಗೆ ವಜ್ರದ ಪುಡಿ ಕೂರಿಸಿದ ಡೈಮಂಡ್ ಬಿಟ್‌ನದು ಹೊಡೆಯುವ ಕೆಲಸವೇ ಅಲ್ಲ. ಅದು ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ ತೇಯುತ್ತದೆ. ಬಿಟ್ಟೂಬಿಡದೆ ನೀರು, ಕೈಯಲ್ಲಿ ಹದವಾದ ಒತ್ತಡ, ಒಂದಿಷ್ಟು ತಾಳ್ಮೆ, ಈ ಮೂರಿದ್ದರೆ ಅದು ಎಂಥ ಗಟ್ಟಿ ಕಲ್ಲಿನಲ್ಲೂ ಇಳಿಯುತ್ತದೆ. ನಂಟರ ಮನೆಗಳಲ್ಲಿ ಗೀಸರ್, ಟವೆಲ್ ರಾಡು, ನೀರಿನ ಫಿಲ್ಟರ್ ಕೂರಿಸುತ್ತಾ ಬಂದಿರುವ ನಾನು ನೋಡಿದ ಒಡೆದ ಟೈಲ್‌ಗಳಲ್ಲಿ ಹೆಚ್ಚಿನವು ಒಡೆದದ್ದು ತೇಯುವ ಕಡೆ ಹೊಡೆಯಲು ಹೋಗಿದ್ದಕ್ಕೆ.

ಕೆಳಗಿನ ತಲೆಬರಹಗಳು ಕೆಲಸದ ನಡುವೆ ನಿಮ್ಮ ಕಣ್ಣಿಗೆ, ಕಿವಿಗೆ, ಮೂಗಿಗೆ ಬೀಳುವ ಲಕ್ಷಣಗಳು. ನಿಮ್ಮದು ಯಾವುದೋ ಅಲ್ಲಿಗೇ ಹೋಗಿ ಓದಬಹುದು. ಆದರೆ ಮೊದಲ ಭಾಗವನ್ನು ಮಾತ್ರ ಎಲ್ಲರೂ ಓದಿ.

ಮಷೀನ್ ಹಿಡಿಯುವ ಮೊದಲು

ಈ ಕೆಲಸದಲ್ಲಿ ನೀರು, ಕರೆಂಟು ಒಂದೇ ಕಡೆ ಸೇರುತ್ತವೆ. ಆದಷ್ಟು ಬ್ಯಾಟರಿ ಡ್ರಿಲ್ ಬಳಸಿ. ವೈರಿನ ಡ್ರಿಲ್ಲೇ ಗತಿಯಾದರೆ ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ತಕ್ಷಣ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೆಯೇ ನೋಡಿಕೊಳ್ಳಿ. ತಲೆಗಿಂತ ಮೇಲೆ, ನೀರು ಮಷೀನಿನ ಮೈಗೆ ಇಳಿಯುವಂತೆ ವೈರಿನ ಡ್ರಿಲ್ ಹಿಡಿದು ಕೆಲಸ ಮಾಡಲೇಬೇಡಿ.

ಗ್ರಾನೈಟ್, ವಿಟ್ರಿಫೈಡ್ ಟೈಲ್ ಒಣಗಿದ್ದಾಗ ಕೊರೆದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕುಟಿಗರ ಶ್ವಾಸಕೋಶವನ್ನು ತಿನ್ನುವ ಸಿಲಿಕೋಸಿಸ್ ಬರುವುದು ಇದೇ ಧೂಳಿನಿಂದ. 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ವೃತ್ತಿರೋಗಗಳ ಪಟ್ಟಿಯಲ್ಲಿ ಅದೂ ಇತ್ತು. ಮನೆಯಲ್ಲಿ ನಾಲ್ಕು ತೂತು ಮಾಡಿದ್ದಕ್ಕೆ ಆ ರೋಗ ಬಂದೀತು ಎಂದಲ್ಲ. ಆದರೆ ನೀರು ಹಾಕಿದರೆ ಧೂಳೇ ಏಳುವುದಿಲ್ಲ ಎಂದಮೇಲೆ ಒಣ ಕೆಲಸ ಯಾಕೆ? ಎನ್95 ಮಾಸ್ಕ್ ಮತ್ತು ಕನ್ನಡಕ ಹೇಗೂ ಇರಲಿ.

ಗೋಡೆಯೊಳಗೆ ಏನಿದೆ ಎಂದು ಅಂದಾಜು ಮಾಡಿ. ನಲ್ಲಿ, ಮಿಕ್ಸರ್, ಸ್ವಿಚ್ ಬೋರ್ಡ್, ಗೀಸರ್ ಪಾಯಿಂಟ್, ಇವುಗಳ ನೇರ ಮೇಲೆ ಮತ್ತು ನೇರ ಕೆಳಗೆ ಪೈಪೋ ವೈರೋ ಹೋಗಿರುವ ಸಾಧ್ಯತೆ ಹೆಚ್ಚು. ಒಂದು ಗೇಣು ಪಕ್ಕಕ್ಕೆ ಸರಿಯುವುದು ಯಾವಾಗಲೂ ಒಳ್ಳೆಯದು. ಮನೆ ಕಟ್ಟುವಾಗ ಪ್ಲಾಸ್ಟರಿಗೆ ಮುಂಚೆ ಗೋಡೆಗಳ ಫೋಟೋ ತೆಗೆದಿಟ್ಟವರು ಅದನ್ನು ಈಗ ಹುಡುಕಿ ತೆಗೆಯಿರಿ.

‘ಬಿಟ್ ನಿಲ್ಲುತ್ತಲೇ ಇಲ್ಲ, ಟೈಲ್ ಮೇಲೆಲ್ಲಾ ಜಾರುತ್ತಿದೆ’

ಡೈಮಂಡ್ ಬಿಟ್ ಕೊಳವೆಯಂತೆ ಟೊಳ್ಳು. ನಡುವೆ ಮೊನೆ ಇಲ್ಲದ್ದರಿಂದ ಜಾರುವುದು ಅದರ ಸಹಜ ಗುಣ. ಮಾಸ್ಕಿಂಗ್ ಟೇಪ್ ಅಂಟಿಸಿದರೆ ಗುರುತು ಅಳಿಸದೆ ಉಳಿಯುತ್ತದೆ, ಅಷ್ಟೇ. ಟೇಪೊಂದೇ ಬಿಟ್ಟನ್ನು ಹಿಡಿದು ನಿಲ್ಲಿಸಲಾರದು.

6, 8, 10 ಮಿ.ಮೀ. ಬಿಟ್ ಆದರೆ ಡ್ರಿಲ್ಲನ್ನು ಓರೆಯಾಗಿ, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಹಿಡಿದು ನಿಧಾನಕ್ಕೆ ಶುರು ಮಾಡಿ. ಬಿಟ್‌ನ ಬಾಯಿಯ ಒಂದು ಅಂಚು ಮಾತ್ರ ತಾಗಿ ಬಿದಿಗೆ ಚಂದ್ರನಂಥ ಗೀರು ಬೀಳುತ್ತದೆ. ಗೀರು ಉಗುರಿಗೆ ಸಿಕ್ಕುವಷ್ಟು ಆಳವಾದಮೇಲೆ, ಮಷೀನ್ ತಿರುಗುತ್ತಿರುವಾಗಲೇ ಮೆಲ್ಲನೆ ನೇರಕ್ಕೆ ತನ್ನಿ. ದೊಡ್ಡ ಬಿಟ್‌ಗೆ ಈ ಉಪಾಯ ನಡೆಯದು. ಅದಕ್ಕೆ ಪ್ಲೈವುಡ್ ಚೂರಿನಲ್ಲಿ ಅದೇ ಅಳತೆಯ ತೂತು ಮಾಡಿ, ಎರಡೂ ಮುಖ ಅಂಟುವ ಟೇಪಿನಿಂದ ಟೈಲಿಗೆ ಅಂಟಿಸಿ, ಆ ತೂತಿನೊಳಗೆ ಬಿಟ್ ಇಟ್ಟು ಶುರು ಮಾಡಿ.

ಮೊಳೆ ಇಟ್ಟು ಸುತ್ತಿಗೆಯಿಂದ ಕುಟ್ಟಿ ಗುಂಡಿ ಮಾಡಿಕೊಳ್ಳಬೇಡಿ. ಆ ಒಂದು ಏಟಿಗೆ ಗ್ಲೇಜ್, ಅಂದರೆ ಟೈಲಿನ ಹೊಳೆಯುವ ಮೇಲ್ಪದರ, ಕೂದಲೆಳೆಯಷ್ಟು ಸೀಳಿರುತ್ತದೆ; ಆಮೇಲೆ ಬರುವ ಬಿರುಕಿನ ಬೀಜ ಅದೇ.

‘ತಿರುಗುತ್ತಿದೆ, ಆದರೆ ಇಳಿಯುತ್ತಿಲ್ಲ’

ನನ್ನನ್ನು ಜನ ಹೆಚ್ಚು ಕೇಳುವುದು ಇದನ್ನೇ. ಕಾರಣಗಳೂ ಹಲವು. ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ.

ಮೊದಲು ಬಿಟ್ ಯಾವುದೆಂದು ನೋಡಿ. ಭರ್ಜಿಯ ಮೊನೆಯಂತಿದ್ದರೆ ಅದು ಕಾರ್ಬೈಡ್ ಬಿಟ್. ಬಚ್ಚಲುಮನೆ ಗೋಡೆಯ ಮಾಮೂಲಿ ಸೆರಾಮಿಕ್ ಟೈಲಿಗೆ ಅದು ಸಾಕು. ವಿಟ್ರಿಫೈಡ್ ಟೈಲಿನ ಮೇಲೆ ಅದು ಬೇಗ ಮೊಂಡಾಗುತ್ತದೆ, ಮುಂದೆ ಹೋಗುವುದಿಲ್ಲ. ಡೈಮಂಡ್ ಬಿಟ್ ಕೊಳವೆಯಂತಿದ್ದು ಬಾಯಿಯ ಅಂಚು ಉಪ್ಪುಕಾಗದದಷ್ಟು ತರಿತರಿಯಾಗಿರುತ್ತದೆ.

ಟೈಲ್ ಯಾವುದೆಂದು ತಿಳಿಯದೇ? ಮನೆಯಲ್ಲಿ ಉಳಿದ ತುಂಡಿನ ಹಿಂಬದಿಗೆ ಒಂದು ಹನಿ ನೀರು ಬಿಡಿ. ಗೋಡೆಯ ಸೆರಾಮಿಕ್ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು, ಹಾಗಾಗಿ ಹನಿ ಕಣ್ಣೆದುರೇ ಇಂಗುತ್ತದೆ. ವಿಟ್ರಿಫೈಡ್ ಹೀರುವುದು ಶೇ. 0.5ಕ್ಕಿಂತ ಕಡಿಮೆ, ಹನಿ ಹಾಗೇ ಕೂತಿರುತ್ತದೆ. ಕೂತರೆ ಡೈಮಂಡ್ ಬೇಕು.

ಕಲ್ಲಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಅಟ್ಟಣಿಗೆಗೆ ಹಾಕುವ ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಇವೆರಡೂ ಸುಣ್ಣಕಲ್ಲಿನ ಜಾತಿ. ಮೋಸ್ ಗಡಸುತನದ ಅಳತೆಯಲ್ಲಿ ಅವುಗಳ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಬರೀ 3. ಗ್ರಾನೈಟ್‌ನೊಳಗಿನ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಇಳಕಲ್‌ನ ಕೆಂಪು, ಸಾದರಹಳ್ಳಿಯ ಬೂದು, ಎರಡೂ ಗ್ರಾನೈಟ್ ಜಾತಿಯವು. ಚಾಮರಾಜನಗರದ ಕಡೆಯ ಕಪ್ಪು ‘ಗ್ರಾನೈಟ್’ ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ಅದರಲ್ಲಿ ಕ್ವಾರ್ಟ್ಜ್ ಕಡಿಮೆ, ಕಣ ಸಣ್ಣ, ಮೈ ಬಲು ಬಿಗಿ. ಹೀಗಾಗಿ ಕಡಪ ಕಲ್ಲಿನಲ್ಲಿ ಸರಾಗವಾಗಿ ಇಳಿದ ಬಿಟ್ ಅಡುಗೆಮನೆ ಕಟ್ಟೆಯ ಮೇಲೆ ನಿಧಾನವಾದರೆ ಅದು ದೋಷವಲ್ಲ. ಗಡಿಬಿಡಿ ಮಾಡದೆ ತೇಯುತ್ತಿರಿ.

ಈಗ ತೂತಿನಿಂದ ಹೊರಬರುತ್ತಿರುವ ನೀರನ್ನು ನೋಡಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ತೇಯ್ದ ಗಂಧವನ್ನು ಸ್ವಲ್ಪ ತೆಳ್ಳಗೆ ಮಾಡಿದ ಹದದಲ್ಲಿ, ಟೈಲಿನ ಬಣ್ಣದ ಹಾಲು ಬರುತ್ತಿದ್ದರೆ ಬಿಟ್ ಕೆಲಸ ಮಾಡುತ್ತಿದೆ ಎಂದರ್ಥ. ಮೊಸರಿನಷ್ಟು ಗಟ್ಟಿಯಾಗಿದ್ದರೆ ತೇಯ್ದ ಪುಡಿ ಹೊರಬರದೆ ಒಳಗೇ ಕೂತಿದೆ. ಬಿಟ್ ಎತ್ತಿ, ನೀರು ಹನಿಸಿ, ಮತ್ತೆ ಇಳಿಸಿ. ನೀರು ತಿಳಿಯಾಗಿಯೇ ಇದೆಯೇ? ಹಾಗಾದರೆ ಬಿಟ್ ಸುಮ್ಮನೆ ಉಜ್ಜುತ್ತಿದೆ, ತೇಯುತ್ತಿಲ್ಲ.

ತಿಳಿನೀರು ಬಂದರೆ ಮುಂದಿನ ಪರೀಕ್ಷೆ ವೇಗ ಮತ್ತು ಒತ್ತಡ. 6 ಮಿ.ಮೀ. ಬಿಟ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಸಾಗುವುದು ಸುಮಾರು 19 ಮೀಟರ್. ಅದೇ ಸುತ್ತಿನಲ್ಲಿ, ನಲ್ಲಿ ಕೂರಿಸುವ 35 ಮಿ.ಮೀ. ಬಿಟ್‌ನ ಅಂಚು 110 ಮೀಟರ್ ಓಡುತ್ತದೆ. ಹಾಗಾಗಿ ಬಿಟ್ ದೊಡ್ಡದಾದಷ್ಟೂ ವೇಗ ಇಳಿಯಬೇಕು. ಪೊಟ್ಟಣದ ಮೇಲೆ ಸುತ್ತಿನ ಲೆಕ್ಕ ಮುದ್ರಿಸಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ನಾನು 6–8 ಮಿ.ಮೀ.ಗೆ 1000ದ ಆಸುಪಾಸು, 35 ಮಿ.ಮೀ.ಗೆ 300–400ರಿಂದ ಶುರು ಮಾಡುತ್ತೇನೆ. ಕೀರಲು ದನಿ ಬಂದರೆ ವೇಗ ಹೆಚ್ಚಾಗಿದೆ. ಮಷೀನ್ ಏದುಸಿರು ಬಿಟ್ಟಂತೆ ಸುತ್ತು ಕಳೆದುಕೊಂಡರೆ ಒತ್ತಡ ಹೆಚ್ಚಾಗಿದೆ. ಸಮನಾದ, ಮಂದವಾದ ಗರಗರ ಸದ್ದು ಸರಿಯಾದದ್ದು.

ಇಷ್ಟಾದರೂ ಇಳಿಯದಿದ್ದರೆ ಬ್ಯಾಟರಿ ತೆಗೆದು ಅಥವಾ ಪ್ಲಗ್ ಕಿತ್ತು, ಬಿಟ್ ತಣ್ಣಗಾದಮೇಲೆ ಅದರ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ನುಣುಪಾಗಿದ್ದರೆ ಬಿಟ್ ಮೊಂಡಾಗಿದೆ. ಮುಂದೇನು ಎನ್ನುವುದು ಅದರ ಜಾತಿಯ ಮೇಲಿದೆ. ಅಗ್ಗದ ಸೆಟ್‌ಗಳಲ್ಲಿ ವಜ್ರದ ಪುಡಿಯನ್ನು ನಿಕ್ಕಲ್ ಲೇಪನದಲ್ಲಿ ಒಂದೇ ಪದರವಾಗಿ ಕೂರಿಸಿರುತ್ತಾರೆ. ಆ ಪದರ ಸವೆದು ಒಳಗಿನ ಉಕ್ಕು ಮಿಂಚುತ್ತಿದ್ದರೆ ಅದರ ಆಯುಸ್ಸು ಮುಗಿಯಿತು, ಹೊಸದು ತನ್ನಿ. ಇನ್ನೊಂದು ಜಾತಿಯಲ್ಲಿ ಬಾಯಿಯ ಅಂಚೇ ಒಂದು ದಪ್ಪ ಬಳೆಯಂತಿದ್ದು, ಲೋಹದ ಪುಡಿಯೊಂದಿಗೆ ವಜ್ರ ಬೆರೆಸಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದರಲ್ಲಿ ಮೇಲಿನ ವಜ್ರ ಸವೆದಂತೆ ಸುತ್ತಲಿನ ಲೋಹವೂ ಸವೆದು ಒಳಗಿನ ಹೊಸ ವಜ್ರ ತಲೆ ಎತ್ತಬೇಕು. ಕಲ್ಲು ಅತಿ ಬಿಗಿಯಾಗಿದ್ದರೆ, ಒತ್ತಡ ತೀರಾ ಕಡಿಮೆಯಾದರೆ ಲೋಹ ಸವೆಯುವುದಿಲ್ಲ. ಹಳೆಯ ವಜ್ರವೇ ನುಣ್ಣಗಾಗಿ ಉಳಿಯುತ್ತದೆ. ಅದನ್ನು ಹರಿತ ಮಾಡಲು ಮೆದುವಾದ, ತರಿತರಿಯಾದ ವಸ್ತು ಬೇಕು. ಒಂದು ಇಟ್ಟಿಗೆಯಲ್ಲೋ ಸಿಮೆಂಟ್ ಇಟ್ಟಿಗೆಯಲ್ಲೋ ನೀರು ಹಾಕಿ ನಾಲ್ಕೈದು ಬಾರಿ ಇಳಿಸಿ ತೆಗೆಯಿರಿ. ಗಟ್ಟಿ ಕಲ್ಲು ಬಿಟ್ಟನ್ನು ಮೊಂಡು ಮಾಡುತ್ತದೆ, ಮೆತ್ತನೆಯ ಇಟ್ಟಿಗೆ ಹರಿತ ಮಾಡುತ್ತದೆ ಎಂದರೆ ಮೊದಲು ನಾನೂ ನಂಬಿರಲಿಲ್ಲ. ಬೆರಳಿಗೆ ತರಿ ಮತ್ತೆ ಸಿಕ್ಕಾಗಲೇ ನಂಬಿದ್ದು.

ಕೊನೆಯದಾಗಿ, ಬಿಟ್ ಈಗಾಗಲೇ ಟೈಲಿನ ದಪ್ಪದಷ್ಟು, ಅಂದರೆ 8–10 ಮಿ.ಮೀ., ಇಳಿದಿದ್ದು ಆಮೇಲೆ ನಿಂತಿದ್ದರೆ ನೀವು ಟೈಲ್ ದಾಟಿ ಗೋಡೆಗೆ ತಲುಪಿದ್ದೀರಿ. ಅಲ್ಲಿಂದ ಮುಂದೆ ಡೈಮಂಡ್ ಬಿಟ್‌ಗೆ ಕೆಲಸವಿಲ್ಲ.

‘ಹೊಗೆ ಬರುತ್ತಿದೆ, ಸುಟ್ಟ ವಾಸನೆ’

ತಕ್ಷಣ ನಿಲ್ಲಿಸಿ. ವಜ್ರ ಎಂದರೆ ಇಂಗಾಲವೇ. ಗಾಳಿಯಲ್ಲಿ ಅದರ ಬಿಸಿ 700–800 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಕರಗದೆ, ನೇರವಾಗಿ ಉರಿದು ಕಳೆದುಹೋಗುತ್ತದೆ. ಬಿಟ್‌ನ ಬಾಯಿ ಕಪ್ಪಗೋ ನೀಲಿಯಾಗೋ ಬಣ್ಣ ತಿರುಗಿದ್ದರೆ ಆ ಬಿಟ್ ಮೇಲೆ ಹೆಚ್ಚು ನಂಬಿಕೆ ಇಡಬೇಡಿ. ಕಾದ ಟೈಲ್ ಮೇಲೆ ಒಮ್ಮೆಲೇ ತಣ್ಣೀರು ಸುರಿಯಲೂಬೇಡಿ, ಬಿರುಕು ಬಿಡುತ್ತದೆ. ಹಾಗೇ ಆರಲು ಬಿಡಿ.

ಕಾರಣ ನೂರಕ್ಕೆ ತೊಂಬತ್ತು ಪಾಲು ನೀರಿನದೇ. ನೆಲಕ್ಕೆ, ಅಡುಗೆಮನೆ ಕಟ್ಟೆಗೆ ತೂತು ಮಾಡುವಾಗ ಚಪಾತಿಗೆ ಕಲಸಿದ ಹಿಟ್ಟಿನಿಂದ ಗುರುತಿನ ಸುತ್ತ ಒಂದು ಸಣ್ಣ ಕಟ್ಟೆ ಕಟ್ಟಿ, ಅದರಲ್ಲಿ ನೀರು ನಿಲ್ಲಿಸಿ. ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ಗೋಡೆಯಲ್ಲಾದರೆ ಮುಚ್ಚಳಕ್ಕೆ ಸೂಜಿತೂತು ಮಾಡಿದ ಬಾಟಲಿಯಿಂದ ಪಕ್ಕದಲ್ಲಿ ನಿಂತವರು ಸಣ್ಣಗೆ ನೀರು ಬಿಡುತ್ತಿರಬೇಕು. ನೀರು ಬಿಟ್‌ನ ಹೊರಮೈಗೆ ಬಿದ್ದರೆ ಸಾಲದು, ತೇಯುವ ಬಾಯಿಗೆ ತಲುಪಬೇಕು. ಅದಕ್ಕೇ ಐದಾರು ಸೆಕೆಂಡಿಗೊಮ್ಮೆ ಬಿಟ್ಟನ್ನು ಕೊಂಚ ಎತ್ತಿ ಇಳಿಸುತ್ತಿರಿ.

ಆಂಗಲ್ ಗ್ರೈಂಡರ್‌ಗೆ ಹಾಕುವ, ವಜ್ರವನ್ನು ಬೆಸೆದು ಕೂರಿಸಿದ ಬಿಟ್‌ಗಳಲ್ಲಿ ಕೆಲವನ್ನು ನೀರಿಲ್ಲದೆ ಬಳಸಲೆಂದೇ ಮಾಡಿರುತ್ತಾರೆ. ಅದು ಬೇರೆ ಪದ್ಧತಿ, ವೇಗವೂ ಬಹಳ ಹೆಚ್ಚು. ಹೊಸಬರು ಅದರಿಂದ ಶುರು ಮಾಡುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

‘ಅಂಚಿನಲ್ಲಿ ಚಕ್ಕೆ ಎದ್ದಿದೆ’

ಎಲ್ಲಕ್ಕಿಂತ ಮೊದಲು ಡ್ರಿಲ್‌ನ ಗುಂಡಿ ನೋಡಿ. ಸುತ್ತಿಗೆಯ ಚಿತ್ರದ ಮೇಲಿದ್ದರೆ ಕಾರಣ ಸಿಕ್ಕಿತು. ಟೈಲಿನಲ್ಲಿ, ಕಲ್ಲಿನಲ್ಲಿ ಇರುವಷ್ಟು ಹೊತ್ತೂ ಹ್ಯಾಮರ್ ಮೋಡ್ ಮುಟ್ಟಕೂಡದು.

ಅದು ಸರಿಯಿದ್ದರೆ ಚಕ್ಕೆ ಎಲ್ಲಿ ಎದ್ದಿದೆ ನೋಡಿ. ಮೇಲ್ಮುಖದಲ್ಲಿ ಎದ್ದಿದ್ದರೆ ಶುರುವಿನಲ್ಲೇ ವೇಗ, ಒತ್ತಡ ಹೆಚ್ಚಾಗಿದೆ. ಮೊದಲ ಒಂದು ಮಿಲಿಮೀಟರ್ ಗ್ಲೇಜ್ ದಾಟುವ ತನಕ ಕೈ ಹಗುರವಾಗಿರಲಿ. ಹಿಂಬದಿಯಲ್ಲಿ ಎದ್ದಿದ್ದರೆ ಕೊನೆಯ ಘಳಿಗೆಯಲ್ಲಿ ಆತುರವಾಗಿದೆ. ಕಲ್ಲು ಕೊನೆಗೆ ಬಂದಾಗ ಸದ್ದು ಟೊಳ್ಳಾಗುತ್ತದೆ, ಹಿಟ್ಟಿನ ಕಟ್ಟೆಯ ನೀರು ಒಮ್ಮೆಲೇ ಕೆಳಗೆ ಇಳಿದುಹೋಗುತ್ತದೆ. ಆಗ ಒತ್ತುವುದನ್ನು ಬಿಟ್ಟು ಮಷೀನಿನ ಭಾರಕ್ಕಷ್ಟೇ ಬಿಡಿ. ಬಿಡಿ ತುಂಡಾದರೆ ಅಡಿಯಲ್ಲಿ ಮರದ ಹಲಗೆ ಒತ್ತಾಗಿ ಕೂರುವಂತೆ ಇಟ್ಟುಕೊಳ್ಳಿ.

ಕಡಪ, ಶಹಾಬಾದ್ ಕಲ್ಲುಗಳದು ಇನ್ನೊಂದು ತಾಪತ್ರಯ. ಅವು ಪದರ ಪದರವಾಗಿ ಬೆಳೆದ ಕಲ್ಲುಗಳು. ಬದಿಯಿಂದ ನೋಡಿದಾಗ ಗೆರೆ ಕಂಡರೆ ಅಲ್ಲಿ ಪದರ ಏಳುವ ಸಂಭವವಿದೆ. ಮೆದು ಕಲ್ಲು ತಾನೇ ಎಂದು ಒತ್ತಿದರೆ ಹಿಂಬದಿಯಲ್ಲಿ ರೂಪಾಯಿ ಅಗಲದ ಹೆಂಟೆ ಕಳಚುತ್ತದೆ.

‘ಟೈಲ್ ಬಿರುಕು ಬಿಟ್ಟಿತು’

ಯಾವಾಗ ಬಿಟ್ಟಿತು ಎನ್ನುವುದು ಮುಖ್ಯ.

ತೂತು ಮಾಡುವಾಗಲೇ ಬಿಟ್ಟಿದ್ದರೆ ಟೈಲಿನ ಹಿಂದೆ ಟೊಳ್ಳಿರಬಹುದು. ಅಕ್ಕಪಕ್ಕ ನಾಣ್ಯದಿಂದ ತಟ್ಟಿ. ಗಟ್ಟಿಯಾದ ‘ಟಕ್’ ಬಂದರೆ ಹಿಂದೆ ಸಿಮೆಂಟ್ ತುಂಬಿದೆ. ಮಡಕೆ ತಟ್ಟಿದಂತೆ ಬಂದರೆ ಟೈಲ್ ಗಾಳಿಯ ಮೇಲೆ ನಿಂತಿದೆ. ಅಂಥ ಕಡೆ ಗುರುತನ್ನು ಬದಲಿಸಿ. ಟೈಲಿನ ಅಂಚಿಗೆ ತೀರಾ ಹತ್ತಿರ ಹೋದರೂ ಸೀಳುತ್ತದೆ. ನಾನು 25–30 ಮಿ.ಮೀ. ಆದರೂ ಬಿಡುತ್ತೇನೆ. ನಾಲ್ಕು ಟೈಲ್ ಸೇರುವ ಮೂಲೆಯಲ್ಲಿ, ಗ್ರೌಟ್ (ಟೈಲುಗಳ ನಡುವಿನ ಸಂದಿಗೆ ತುಂಬಿದ ಗಾರೆ) ಮೆದು ಎಂಬ ಆಸೆಗೆ, ತೂತು ಮಾಡಲು ಹೋಗಬೇಡಿ. ಬಿಟ್ ಒಂದಲ್ಲ ಒಂದು ಟೈಲಿನ ಮೂಲೆ ಮುರಿಯುತ್ತದೆ.

ತೂತು ಚೆನ್ನಾಗಿ ಬಂದು, ಸ್ಕ್ರೂ ಬಿಗಿಯುವಾಗಲೋ ಮರುದಿನವೋ ಬಿರುಕು ಬಂದಿದ್ದರೆ ತಪ್ಪು, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ ಪ್ಲಾಸ್ಟಿಕ್ ಪ್ಲಗ್‌ನದು. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗುತ್ತದೆ. ಅದರ ಬಾಯಿ ಟೈಲಿನ ದಪ್ಪದೊಳಗೇ ಉಳಿದಿದ್ದರೆ ಆ ಹಿಗ್ಗೆಲ್ಲ ಟೈಲಿನ ಮೇಲೆ ಬೀಳುತ್ತದೆ. ಪ್ಲಗ್ಗನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಟೈಲ್ ದಾಟಿ ಪೂರ್ತಿ ಗೋಡೆಯಲ್ಲಿ ಕೂರಿಸಿ.

ಗ್ರಾನೈಟ್ ಕಟ್ಟೆಯಲ್ಲಿ ನಾನು ಭಯಪಡುವ ಜಾಗವೆಂದರೆ ಸಿಂಕ್‌ನ ಹಿಂದಿನ ಪಟ್ಟಿ. ಸಿಂಕ್‌ಗೆಂದು ದೊಡ್ಡ ಚೌಕ ಕತ್ತರಿಸಿದಮೇಲೆ ಗೋಡೆಯ ಕಡೆ ಉಳಿಯುವುದು ಮೂರು ನಾಲ್ಕು ಇಂಚು. ಸೋದರಮಾವನ ಮನೆಯಲ್ಲಿ ನಲ್ಲಿಗೆಂದು ಅಲ್ಲಿ 35 ಮಿ.ಮೀ. ತೂತು ಮಾಡಲು ಹೋಗಿದ್ದೆ. ಮುಕ್ಕಾಲು ಆಳಕ್ಕೆ ಇಳಿದಾಗ ಪಟ್ಟಿ ‘ಟಪ್’ ಎಂದು ಅಡ್ಡಕ್ಕೆ ಸೀಳಿತು. ಆಮೇಲೆ ಟಾರ್ಚ್ ಹಿಡಿದು ಅಡಿಯಿಂದ ನೋಡಿದರೆ, ಆ ಪಟ್ಟಿಗೆ ಕೆಳಗೆ ಯಾವ ಆಸರೆಯೂ ಇರಲಿಲ್ಲ. ಚೌಕದ ಮೂಲೆಯನ್ನು ದುಂಡಗೆ ಬಿಡದೆ ಚೂಪಾಗಿ ಕತ್ತರಿಸಿದ್ದರು, ಬಿರುಕು ಅಲ್ಲಿಂದಲೇ ಹೊರಟಿತ್ತು. ಮಾವ ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಮೊದಲು ಅಡಿಗೆ ಕೈ ಹಾಕಿ ನೋಡದೆ, ಮರದ ತುಂಡಿನ ಆಸರೆ ಕೊಡದೆ ಆ ಪಟ್ಟಿಯ ಮೇಲೆ ಬಿಟ್ ಇಟ್ಟಿಲ್ಲ.

‘ಬಿಟ್‌ನೊಳಗೆ ಬಿಲ್ಲೆ ಸಿಕ್ಕಿಕೊಂಡಿದೆ’

ಟೊಳ್ಳು ಬಿಟ್ ಕೊರೆದಾಗ ನಡುವೆ ಉಳಿಯುವ ದುಂಡನೆಯ ಚೂರೇ ಈ ಬಿಲ್ಲೆ. ಬ್ಯಾಟರಿ ತೆಗೆದು ಅಥವಾ ಕರೆಂಟಿನ ಪ್ಲಗ್ ಕಿತ್ತು, ಬಿಟ್ಟನ್ನು ಡ್ರಿಲ್‌ನಿಂದ ಬಿಚ್ಚಿ. ಪಕ್ಕದಲ್ಲಿ ಸೀಳುಗಂಡಿ ಇದ್ದರೆ ಅದರೊಳಗಿಂದ ಮೊಳೆಯಿಂದ ಮೀಟಿ. ಇಲ್ಲದಿದ್ದರೆ ನೀರಿನಲ್ಲಿ ನೆನೆಸಿಟ್ಟು ಮರದ ಮೇಲೆ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದರೆ ಬಾಯಿ ಸೊಟ್ಟಗಾಗುತ್ತದೆ. ಹಿಂದಿನ ಬಿಲ್ಲೆ ತೆಗೆಯದೆ ಮುಂದಿನ ತೂತಿಗೆ ಹೋದರೆ ಬಿಟ್ ಇಳಿಯುವುದಿಲ್ಲ. ‘ಇಳಿಯುತ್ತಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ.

‘ತೂತು ದೊಡ್ಡದಾಗಿದೆ, ಮೊಟ್ಟೆಯ ಆಕಾರವಾಗಿದೆ’

ಬಿಟ್ಟನ್ನು ಗಾಳಿಯಲ್ಲಿ ತಿರುಗಿಸಿ ತುದಿ ನೋಡಿ. ತುದಿ ಓಲಾಡಿದರೆ ಬಿಚ್ಚಿ, ಚಕ್ (ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಒರೆಸಿ, ಮತ್ತೆ ಬಿಗಿಯಿರಿ. ಆಗಲೂ ಓಲಾಡಿದರೆ ಬಿಟ್‌ನ ಕಾಂಡ ಬಾಗಿದೆ ಅಥವಾ ಚಕ್ ಸವೆದಿದೆ. ಓಲಾಡದಿದ್ದರೆ ಅಲುಗಿದ್ದು ಕೈ. ಪ್ಲೈವುಡ್ ಅಚ್ಚು ಬಳಸಿ.

‘ಟೈಲ್ ದಾಟಿತು, ಈಗ ಗೋಡೆ ವಿಚಿತ್ರವಾಗಿದೆ’

ಇಲ್ಲಿ ಬಿಟ್ ಬದಲಿಸಿ ಗೋಡೆಯ ಕಾರ್ಬೈಡ್ ಬಿಟ್ ಹಾಕಿ. ಅದು ಟೈಲಿನ ತೂತಿಗಿಂತ ಕೊಂಚ ಸಣ್ಣದಿದ್ದರೆ ಅಂಚಿಗೆ ತಾಗುವುದಿಲ್ಲ. ಮೊದಲು ಹ್ಯಾಮರ್ ಇಲ್ಲದೆ ಪ್ರಯತ್ನಿಸಿ. ಬೇಕೇಬೇಕಾದರೆ ಬಿಟ್‌ನ ತುದಿ ಗೋಡೆಯಲ್ಲಿ ನೆಲೆಯಾದಮೇಲೆ, ನೇರವಾಗಿ ಹಿಡಿದು ಹಾಕಿ.

ಹೊರಬರುವ ಪುಡಿ ಗೋಡೆಯ ಗುಟ್ಟು ಹೇಳುತ್ತದೆ. ಬೂದುಬಣ್ಣ ಸಿಮೆಂಟಿನದು, ಕೆಂಪು ಇಟ್ಟಿಗೆಯದು. ಲೋಹದ ಮಿಂಚು ಕಂಡರೆ, ಬಿಟ್ ಒಮ್ಮೆಲೇ ನಿಂತು ಕೀರಲು ಸದ್ದು ಬಂದರೆ ಕಂಬಿಯೋ ಪೈಪೋ ಸಿಕ್ಕಿದೆ, ಮುಂದೆ ಹೋಗಬೇಡಿ. ಬಿಳಿ ಅಥವಾ ಬಣ್ಣದ ಪ್ಲಾಸ್ಟಿಕ್ ಸುರುಳಿ ಬಂದರೆ ಅದು ನೀರಿನ ಪೈಪಿನದೋ ವೈರ್ ಹೋಗುವ ಪೈಪಿನದೋ ಚೂರು. ನೀವು ನೀರು ಹಾಕುವುದನ್ನು ನಿಲ್ಲಿಸಿದಮೇಲೂ ಪುಡಿ ಒದ್ದೆಯಾಗಿಯೇ ಬರುತ್ತಿದ್ದರೆ ಗೋಡೆಯೊಳಗೆ ಸೋರಿಕೆಯಿದೆ.

ಯಾವಾಗ ಕೈಬಿಟ್ಟು ಕೆಲಸದವರನ್ನು ಕರೆಯಬೇಕು

ಆರ್‌ಸಿಸಿಬಿ ಒಮ್ಮೆ ಬಿದ್ದರೂ ಸಾಕು. ಮತ್ತೆ ಎತ್ತಿ ಮುಂದುವರಿಸಬೇಡಿ, ಮೈನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ನೀರು ಚಿಮ್ಮಿದರೆ ಮೊದಲು ವಾಲ್ವ್, ಆಮೇಲೆ ಪ್ಲಂಬರ್. ಕೆಲಸ ಶುರು ಮಾಡುವ ಮೊದಲೇ ಆ ವಾಲ್ವ್ ಎಲ್ಲಿದೆ, ತಿರುಗುತ್ತದೆಯೇ ಎಂದು ನೋಡಿಟ್ಟಿರಿ. ಗ್ಯಾಸ್ ಪೈಪ್‌ಲೈನ್ ಹಾದುಹೋಗಿರುವ ಅಡುಗೆಮನೆ ಗೋಡೆಗೆ ಸ್ವಂತ ಬುದ್ಧಿಯಿಂದ ಬಿಟ್ ಇಡಬೇಡಿ. ಬಚ್ಚಲುಮನೆಯ ನೆಲಕ್ಕೂ ತೂತು ಬೇಡ. ಟೈಲಿನ ಅಡಿಯಲ್ಲಿರುವ ವಾಟರ್‌ಪ್ರೂಫಿಂಗ್ ಪದರ ಹರಿದರೆ ನೀರು ಕೆಳಗಿನ ಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಕೂರಿಸಿ ಮುಗಿದ ಗ್ರಾನೈಟ್ ಕಟ್ಟೆಯ ಸಿಂಕ್ ಪಟ್ಟಿ, ಚಿಮಣಿ ಕೊಳವೆಗೆ ಬೇಕಾದ ಆರಿಂಚಿನ ತೂತು, ಕಾಂಕ್ರೀಟ್ ಕಂಬ ಮತ್ತು ತೊಲೆ, ಇವೆಲ್ಲ ಕೋರ್ ಕಟಿಂಗ್ ಮಷೀನ್ ಇರುವವರ ಕೆಲಸ. ಕಂಬ, ತೊಲೆಗಾದರೆ ಇಂಜಿನಿಯರ್ ಒಪ್ಪಿಗೆಯೂ ಬೇಕು. ಕರೆಯುವಾಗ ಕಲ್ಲಿನ ದಪ್ಪ, ತೂತಿನ ಅಳತೆ, ಅಡಿಯಲ್ಲಿ ಆಸರೆ ಇದೆಯೇ ಇಲ್ಲವೇ, ಈ ಮೂರನ್ನು ಮೊದಲೇ ತಿಳಿಸಿ. ಮೇಲಿನದಲ್ಲದೆ ಅಡಿಯ ಫೋಟೋ ಒಂದನ್ನೂ ಕಳಿಸಿ. ಬಂದವರು ನೀರಿನ ವ್ಯವಸ್ಥೆ ಇಲ್ಲದೆ ಒಣಗಲ್ಲಿಗೇ ಮಷೀನ್ ಇಡಲು ಹೊರಟರೆ, ಬಕೆಟ್ ನೀರು ಮುಂದಿಟ್ಟು, ‘ಅಣ್ಣಾ, ನೀರು ಹಾಕ್ಕೊಂಡೇ ಮಾಡಿ’ ಅನ್ನಿ.